ನಿಂತು ತಿನ್ನಲು ಕಲಿತ ಊರು

ತುರ್ತುಪರಿಸ್ಥಿತಿಯ ದಿನಗಳಲ್ಲಿ ಬೆಂಗಳೂರಿನ ಲಾಲ್‌ಬಾಗ್ ರಸ್ತೆಯ ಒಂದು ಹೋಟೆಲಿನ ಮುಂದೆ ದಿನಾ ಒಂದು ಬೋರ್ಡು ಕಾಣಿಸುತ್ತಿತ್ತಂತೆ. ಅದರಲ್ಲಿ ಅಂದಿನ ಸ್ಪೆಷಲ್ ಏನೆಂದು ಬರೆದಿರಲಿಲ್ಲ, ಹೋಟೆಲಿಗೆ ಎಷ್ಟು ನಷ್ಟವಾಯಿತೆಂದು ಬರೆದಿತ್ತು. ಹೋಟೆಲು ಮಾವಳ್ಳಿ ಟಿಫಿನ್ ರೂಮ್ಸ್, ಊರಿನವರ ಬಾಯಲ್ಲಿ ಎಂಟಿಆರ್. ತಿಂಡಿ ತೀರ್ಥಗಳಿಗೆಲ್ಲ ಸರ್ಕಾರ ದರ ಕಟ್ಟಿತ್ತು. ಆ ದರಕ್ಕೆ ತುಪ್ಪದಲ್ಲಾಗಲಿ ಬೇಳೆಯಲ್ಲಾಗಲಿ ಕಾಫಿಪುಡಿಯಲ್ಲಾಗಲಿ ಕೈ ಬಿಗಿಮಾಡದೆ ಹೋಟೆಲು ನಡೆಸಿದರೆ ಗಿಟ್ಟುವುದಿಲ್ಲ. ಬಿಗಿಮಾಡಿದರೆ ಅದು ಎಂಟಿಆರ್ ಆಗಿ ಉಳಿಯುವುದಿಲ್ಲ. ಹೋಟೆಲು ನೋಡಿಕೊಳ್ಳುತ್ತಿದ್ದ ಹರಿಶ್ಚಂದ್ರ ಮಯ್ಯರು ಎರಡನ್ನೂ ಬಿಟ್ಟು ಮೂರನೆಯದನ್ನು ಹಿಡಿದರು: ರುಚಿ ಮೊದಲಿನದೇ, ದರ ಸರ್ಕಾರ ಹೇಳಿದ್ದೇ, ನಷ್ಟದ ಲೆಕ್ಕ ಮಾತ್ರ ಬೀದಿಯವರ ಕಣ್ಣಿಗೆ. ಕೆಲವು ದಿನ ಹಾಗೆ ನಡೆಸಿ, ಆಮೇಲೆ ಬಾಗಿಲು ಹಾಕಿದರು. ಮಯ್ಯರ ಮನೆತನದವರು ಇವತ್ತಿಗೂ ಹೇಳುವ ಕಥೆ ಇದು.

ಊರು ಇದನ್ನು ಒಬ್ಬ ಹಟವಾದಿ ಹೋಟೆಲಿಗನ ಕಥೆಯಾಗಿ ನೆನಪಿಟ್ಟುಕೊಂಡಿದೆ. ನನಗೆ ಅದಕ್ಕಿಂತ ಆ ಬೋರ್ಡಿನ ಲೆಕ್ಕವೇ ಮುಖ್ಯ ಅನಿಸುತ್ತದೆ. ಒಂದು ಪ್ಲೇಟ್ ಇಡ್ಲಿಗೆ ಬೀಳುವ ಖರ್ಚು ಒಂದು, ಗುಮಾಸ್ತನ ಜೇಬು ತಡೆಯುವ ದರ ಇನ್ನೊಂದು. ನಡುವೆ ಬೀಳುವ ಅಂತರವನ್ನು ಯಾರೋ ಒಬ್ಬರು ತುಂಬಿಕೊಡಬೇಕು. ಬೆಂಗಳೂರಿನ ಅಗ್ಗದ ತಿಂಡಿಯ ನೂರು ವರ್ಷಗಳ ಚರಿತ್ರೆಯಲ್ಲಿ ಆ ಒಬ್ಬರು ಯಾರು ಎನ್ನುವುದು ಬದಲಾಗುತ್ತಾ ಬಂದಿದೆ. ಮಾಲೀಕನೇ ತುಂಬಿಕೊಟ್ಟು ಅದನ್ನು ಬೋರ್ಡಿನಲ್ಲಿ ಬರೆದು ತೋರಿಸಿದ್ದು ಮಾತ್ರ ಅಪರೂಪ.

ಮೊದಲು ತುಂಬಿಕೊಟ್ಟವರು ಹುಡುಗರು. ಕೋಟ, ಸಾಲಿಗ್ರಾಮ, ಕುಂದಾಪುರ, ಉಡುಪಿ ಸುತ್ತಿನ ಊರುಗಳಲ್ಲಿ ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಮನೆ ತುಂಬ ಮಕ್ಕಳು, ಪಾಲಿಗೆ ಬರುವ ಗದ್ದೆ ಅಂಗೈಯಗಲ. ಘಟ್ಟ ಹತ್ತಿದರೆ ಕೆಲಸವುಂಟು ಎಂಬ ಸುದ್ದಿ. ಪಾರಂಪಳ್ಳಿಯ ಮಯ್ಯ ಸೋದರರು ಬೆಂಗಳೂರಿಗೆ ಬಂದದ್ದೂ ಹೀಗೆಯೇ, ದೊಡ್ಡವರ ಮನೆಗಳಲ್ಲಿ ಅಡುಗೆ ಮಾಡುವುದಕ್ಕೆ. 1924ರಲ್ಲಿ ಪರಮೇಶ್ವರ ಮಯ್ಯರು ಲಾಲ್‌ಬಾಗಿನ ಹತ್ತಿರ ಬ್ರಾಹ್ಮಿನ್ ಕಾಫಿ ಕ್ಲಬ್ ತೆರೆದರು. ಇಡ್ಲಿ, ಕಾಫಿ, ಅಷ್ಟಿಷ್ಟು ತಿಂಡಿ. ಅದೇ ಮುಂದೆ ಎಂಟಿಆರ್ ಆಯಿತು. 1943ರಲ್ಲಿ ವೆಂಕಟರಮಣ ಉರಾಳರು ಗಾಂಧಿ ಬಜಾರಿನಲ್ಲಿ ಶುರುಮಾಡಿದ ಹೋಟೆಲು ಸುತ್ತಮುತ್ತಲ ಶಾಲೆಗಳ ಹುಡುಗರನ್ನು ನೆಚ್ಚಿಕೊಂಡದ್ದು. ಹೆಸರೂ ವಿದ್ಯಾರ್ಥಿ ಭವನವೇ. ಇವೆರಡೂ ಉಳಿದು ದೊಡ್ಡ ಹೆಸರಾದವು. ಹೆಸರು ಉಳಿಯದೆ ಹೋದ ಇಂಥ ಹೋಟೆಲುಗಳು ಚಿಕ್ಕಪೇಟೆಯಿಂದ ಮಲ್ಲೇಶ್ವರದವರೆಗೆ ಬೀದಿಗೊಂದರಂತೆ ಇದ್ದವು.

ಈ ಹೋಟೆಲುಗಳ ಬೆನ್ನೆಲುಬು ಮಾಣಿ. ಮೀಸೆ ಮೂಡದ ಹುಡುಗನನ್ನು ದೂರದ ನೆಂಟರೊಬ್ಬರು ಕರೆತಂದು ಬಿಟ್ಟು ಹೋಗುತ್ತಿದ್ದರು. ಮೊದಲು ಲೋಟ ತೊಳೆಯುವುದು, ಮೇಜು ಒರೆಸುವುದು. ಒಂದೆರಡು ವರ್ಷವಾದ ಮೇಲೆ ಸಪ್ಲೈ. ಕೈ ಚುರುಕಿದ್ದರೆ ಭಟ್ಟರ ಕೆಳಗೆ ಒರಳಿನ ಕೆಲಸ. ಎಲ್ಲ ಸರಿಹೋದರೆ ಗಲ್ಲಾ. ಮಲಗುವುದು ರಾತ್ರಿ ತೊಳೆದು ಬಳಿದ ಅದೇ ಹೋಟೆಲಿನ ನೆಲದ ಮೇಲೆ. ಬೆಳಗಿನ ಜಾವ ಎದ್ದು ಒಲೆ ಹೊತ್ತಿಸಬೇಕು. ಊಟ ಬಟ್ಟೆ ಹೋಟೆಲಿನದು, ಸಂಬಳವೆಂಬುದು ಊರಿನ ಅಪ್ಪನಿಗೆ ಆಗಾಗ ಹೋಗುವ ಒಂದಿಷ್ಟು ಹಣ. ಹೀಗೆ ಬಂದ ಮಾಣಿಗಳಲ್ಲೇ ಕೆಲವರು ಮುಂದೆ ಮಾಲೀಕರಾದರು, ಆ ಸಾಹಸವನ್ನು ನಾವು ಎಷ್ಟೋ ಸಲ ಓದಿ ಮೆಚ್ಚಿದ್ದೇವೆ. ಮಾಲೀಕರಾಗದೆ ಉಳಿದವರ ಕಥೆ ಬರೆಯಲು ಯಾರಿಗೂ ಪುರುಸೊತ್ತಾಗಲಿಲ್ಲ. ಕಾಸು ಲೆಕ್ಕದ ಕಾಫಿ ಸಾಧ್ಯವಾದದ್ದು ಅವರ ನಿದ್ದೆಯ ಲೆಕ್ಕದಲ್ಲಿ. 1986ರ ಬಾಲಕಾರ್ಮಿಕ ಕಾಯ್ದೆ ಬಂದಾಗ ನಿಷೇಧದ ಪಟ್ಟಿಯಲ್ಲಿ ಹೋಟೆಲು ಇರಲಿಲ್ಲ. ಹೋಟೆಲು, ಢಾಬಾ, ಟೀ ಅಂಗಡಿಗಳಲ್ಲಿ ಹದಿನಾಲ್ಕರೊಳಗಿನ ಮಕ್ಕಳನ್ನು ದುಡಿಸುವಂತಿಲ್ಲ ಎಂಬ ಅಧಿಸೂಚನೆ ಜಾರಿಗೆ ಬಂದದ್ದು 2006ರ ಅಕ್ಟೋಬರ್ 10ರಂದು. ಅಷ್ಟು ಹೊತ್ತಿಗೆ ಕರಾವಳಿಯ ಹುಡುಗರೆಲ್ಲ ಶಾಲೆ ಸೇರಿ ಎಷ್ಟೋ ಕಾಲವಾಗಿತ್ತು.

ಇನ್ನೊಂದು ವಿಷಯವನ್ನೂ ಇಲ್ಲೇ ಹೇಳಿಬಿಡಬೇಕು. ‘ಬ್ರಾಹ್ಮಣರ’ ಎಂಬ ಹೆಸರು ಬೋರ್ಡಿನ ಮೇಲೆ ಬರೀ ಅಲಂಕಾರಕ್ಕೆ ಇದ್ದದ್ದಲ್ಲ. ಅಡುಗೆ ಯಾರ ಕೈಯದು ಎಂಬ ಭರವಸೆ ಅದು. ಕೆಲವು ಕಡೆ ಒಳಗಿನ ಪಂಕ್ತಿಯಲ್ಲಿ ಯಾರು ಕೂರಬಹುದು ಎಂಬ ಎಚ್ಚರಿಕೆಯೂ ಹೌದು. ಹೋಟೆಲಿಗೆ ಪ್ರವೇಶ ನಿರಾಕರಿಸುವುದು ದೇಶದಾದ್ಯಂತ ಶಿಕ್ಷಾರ್ಹವಾದದ್ದು 1955ರ ಅಸ್ಪೃಶ್ಯತೆ ಅಪರಾಧಗಳ ಕಾಯ್ದೆಯಿಂದ. ಅದಾಗಿ ಎರಡು ವರ್ಷಕ್ಕೆ, 1957ರಲ್ಲಿ, ಮದರಾಸಿನ ತಿರುವಲ್ಲಿಕ್ಕೇಣಿಯ ಒಂದು ಹೋಟೆಲಿನ ಬೋರ್ಡಿನಿಂದ ಆ ಪದವನ್ನು ತೆಗೆಸಲು ಪೆರಿಯಾರ್ ಚಳವಳಿಯನ್ನೇ ಹೂಡಬೇಕಾಯಿತು. ಬೆಂಗಳೂರಿನಲ್ಲಿ ಅಂಥ ಗಲಾಟೆ ಆಗಲಿಲ್ಲ. ಇಲ್ಲಿ ಜನ ತಮ್ಮ ತಮ್ಮ ಹೋಟೆಲುಗಳನ್ನು ಬೇರೆ ಬೇರೆ ಹುಡುಕಿಕೊಂಡರು ಅಷ್ಟೇ. ಮಾರ್ಕೆಟ್ಟಿನಲ್ಲಿ ಮೂಟೆ ಹೊರುವವನಿಗೂ ಗಾಡಿ ಎಳೆಯುವವನಿಗೂ ಎರಡು ಇಡ್ಲಿಯ ಮೇಲೆ ಸಂಜೆ ತನಕ ಹೋಗಲಾಗುವುದಿಲ್ಲ. ಅವರದು ಮುದ್ದೆ, ಸಾರು, ದುಡ್ಡಿದ್ದ ದಿನ ಮಟನ್ ಚಾಪ್ಸು. ಮರಾಠಾ ಮನೆತನಗಳು ನಡೆಸುತ್ತಿದ್ದ ಮಿಲಿಟರಿ ಹೋಟೆಲುಗಳು, ಪೇಟೆಯ ಸಂದಿಗಳ ಮುದ್ದೆ ಹೋಟೆಲುಗಳು, ತಲೆಯ ಮೇಲೆ ಬುಟ್ಟಿ ಹೊತ್ತು ಬರುವ ಹೆಂಗಸರು, ಇವರೆಲ್ಲ ಹೊಟ್ಟೆ ತುಂಬಿಸಿದ ಊರು ಕೂಡ ಬೆಂಗಳೂರೇ. ಮಸಾಲೆ ದೋಸೆಯ ಸ್ಮರಣೆ ಬರೆದವರು ಆ ಕಡೆ ಹೆಚ್ಚಾಗಿ ಹೋದವರಲ್ಲ.

ಯುದ್ಧದ ಕಾಲಕ್ಕೆ ಲೆಕ್ಕ ಏರುಪೇರಾಯಿತು. 1942ರಲ್ಲಿ ಜಪಾನೀಯರು ರಂಗೂನನ್ನು ಹಿಡಿದ ಮೇಲೆ ಬರ್ಮಾ ಅಕ್ಕಿ ಬರುವುದು ನಿಂತಿತು. ಅಕ್ಕಿಯಿಲ್ಲದೆ ಇಡ್ಲಿ ಹೇಗೆ? ಗೋಧಿ ರವೆಗೆ ಮೊಸರು ಬೆರೆಸಿ, ಒಗ್ಗರಣೆ ಕೊಟ್ಟು, ಹಬೆಯಲ್ಲಿ ಬೇಯಿಸಿ ನೋಡಿದ್ದು ಎಂಟಿಆರ್ ಅಡುಗೆಮನೆಯಲ್ಲಿ, ರವೆ ಇಡ್ಲಿ ಹುಟ್ಟಿದ್ದು ಹಾಗೆ ಎಂದು ಅವರು ಹೇಳಿಕೊಳ್ಳುತ್ತಾರೆ. ಹಕ್ಕು ಕೇಳಿ ಬೇರೆ ಯಾರೂ ಜಗಳಕ್ಕೆ ಬಂದಿಲ್ಲವಾದ್ದರಿಂದ ನಾವೂ ಒಪ್ಪಿಕೊಳ್ಳೋಣ. ಕೊರತೆಗೆ ಕಂಡುಕೊಂಡ ಉಪಾಯ ಈಗ ತುಪ್ಪ, ಗೋಡಂಬಿ, ಸಾಗುವಿನ ಜೊತೆ ಮಾಮೂಲಿ ಇಡ್ಲಿಗಿಂತ ದುಬಾರಿ ತಿಂಡಿಯಾಗಿ ಕೂತಿದೆ.

ಎಂಟಿಆರ್ ಕಟ್ಟಿದ ಮಯ್ಯ ಸೋದರರಲ್ಲಿ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪ್ ಸುತ್ತಿ ಬಂದರು. ಅಲ್ಲಿನ ಹೋಟೆಲುಗಳ ಅಚ್ಚುಕಟ್ಟು ಅವರ ತಲೆ ಹೊಕ್ಕಿತ್ತು. ಪಾತ್ರೆಗಳನ್ನು ಹಬೆಯಲ್ಲಿ ಶುದ್ಧಮಾಡುವ ಏರ್ಪಾಡು ಮಾಡಿದರು. ಕ್ಲಬ್ಬು ಹೋಗಿ ಟಿಫಿನ್ ರೂಮ್ಸ್ ಎಂಬ ಹೆಸರು ಬಂತು. 1960ರಲ್ಲಿ ಈಗಿನ ಕಟ್ಟಡಕ್ಕೆ ಬಂದ ಮೇಲೆ ಗಿರಾಕಿ ಅಡುಗೆಮನೆಯನ್ನು ನೋಡಿಕೊಂಡೇ ಊಟದ ಕೋಣೆಗೆ ಹೋಗುವ ಪದ್ಧತಿ ಹೆಸರಾಯಿತು. ಮಡಿಯ ಹೆಸರಿನಲ್ಲಿ ಬಾಗಿಲು ಮುಚ್ಚಿಕೊಂಡಿದ್ದ ಅಡುಗೆಮನೆ ಶುಚಿಯ ಹೆಸರಿನಲ್ಲಿ ಬಾಗಿಲು ತೆರೆಯಿತು. ಹೋಟೆಲು ಚರಿತ್ರೆಯಲ್ಲಿ ಇದು ಸಣ್ಣ ಘಟನೆಯಲ್ಲ. ಮುಂದೆ ದರ್ಶಿನಿಗಳೆಂಬ ನಿಂತು ತಿನ್ನುವ ಹೋಟೆಲುಗಳು ಒಲೆಯನ್ನೇ ಗಿರಾಕಿಯ ಕಣ್ಣ ಮುಂದಿಟ್ಟವು.

ಐವತ್ತರ ದಶಕದಲ್ಲೇ ಇದೇ ಊರಿನಲ್ಲಿ ಬೇರೊಂದು ಪ್ರಯೋಗವೂ ನಡೆಯಿತು. ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚಲು ಹೊರಟಾಗ, ಬೀದಿಪಾಲಾಗಲಿದ್ದ ನೌಕರರು ಎ.ಕೆ. ಗೋಪಾಲನ್ ಅವರಂಥ ಕಮ್ಯುನಿಸ್ಟ್ ನಾಯಕರ ಬೆಂಬಲದಿಂದ ತಾವೇ ಸಹಕಾರ ಸಂಘ ಕಟ್ಟಿಕೊಂಡರು. ಇಂಡಿಯನ್ ಕಾಫಿ ವರ್ಕರ್ಸ್ ಸಹಕಾರ ಸಂಘಗಳಲ್ಲಿ ಮೊದಲನೆಯದು 1957ರ ಆಗಸ್ಟ್ 19ರಂದು ಬೆಂಗಳೂರಿನಲ್ಲಿ ಹುಟ್ಟಿತು. ಬಡಿಸುವವನೇ ಮಾಲೀಕ. ಅಂತರ ತುಂಬುವ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ಈ ಊರಿಗೆ ಸಿಕ್ಕಿಲ್ಲ. ಆದರೆ ಬಡಿಸುವವರು ರುಮಾಲು ಸುತ್ತಿ ಪಟ್ಟಿ ಕಟ್ಟುವ ಆ ಕಾಫಿ ಹೌಸು ಒಂದು ಕಾಫಿಗೆ ಎರಡು ಗಂಟೆ ಕೂರುವವರ ಜಾಗವಾಗಿ ಉಳಿಯಿತೇ ಹೊರತು ಆಫೀಸಿಗೆ ಓಡುವವನ ತಿಂಡಿಯ ಜಾಗವಾಗಲಿಲ್ಲ. ಎಂ.ಜಿ. ರಸ್ತೆಯದು ಬಾಡಿಗೆ ಕಟ್ಟಡದ ಗೊಂದಲದಲ್ಲಿ ಸಿಕ್ಕಿ 2009ರಲ್ಲಿ ಚರ್ಚ್ ಸ್ಟ್ರೀಟಿಗೆ ಸರಿಯಿತು.

ಈಗ ತುರ್ತುಪರಿಸ್ಥಿತಿಗೆ ಬರೋಣ. 1973ರ ತೈಲ ಬಿಕ್ಕಟ್ಟು, ಬರ, ಎಲ್ಲ ಸೇರಿ 1974ರ ಹೊತ್ತಿಗೆ ಸಗಟು ಬೆಲೆಗಳು ಶೇ 20ಕ್ಕೂ ಮೀರಿ ಏರಿದ್ದವು. 1975ರ ಜೂನ್ 25ರಂದು ತುರ್ತುಪರಿಸ್ಥಿತಿ ಘೋಷಣೆಯಾಯಿತು. ವಾರದೊಳಗೆ ಇಂದಿರಾ ಗಾಂಧಿಯವರು ಪ್ರಕಟಿಸಿದ ಇಪ್ಪತ್ತು ಅಂಶಗಳ ಕಾರ್ಯಕ್ರಮದಲ್ಲಿ ಅಗತ್ಯ ವಸ್ತುಗಳ ಬೆಲೆ ಇಳಿಸುವ ಮಾತು ಎಲ್ಲಕ್ಕಿಂತ ಮುಂದಿತ್ತು. ಬೆಲೆ ಇಳಿಸಿದ್ದನ್ನು ಜನರಿಗೆ ತೋರಿಸಲು ಹೋಟೆಲಿಗಿಂತ ಒಳ್ಳೆಯ ಜಾಗ ಯಾವುದು? ಅಕ್ಕಿ ಬೇಳೆಯ ಸಗಟು ದರ ಯಾರ ಕಣ್ಣಿಗೂ ಬೀಳುವುದಿಲ್ಲ, ಕಾಫಿಯ ದರ ಬೆಳಿಗ್ಗೆ ಆರಕ್ಕೇ ಎಲ್ಲರಿಗೂ ಗೊತ್ತಾಗುತ್ತದೆ. ಮಾಲೀಕರು ಮಾಡಬಹುದಾದ್ದೂ ಎಲ್ಲರಿಗೂ ಗೊತ್ತಿತ್ತು: ಇಡ್ಲಿ ಸಣ್ಣದಾಗುತ್ತದೆ, ಡಿಕಾಕ್ಷನ್ನಿಗೆ ಚಿಕೋರಿ ಸೇರುತ್ತದೆ, ಸಾಂಬಾರು ನೀರಾಗುತ್ತದೆ. ದರ ಕಟ್ಟಬಹುದು, ಸಾಂಬಾರಿನ ಗಟ್ಟಿತನಕ್ಕೆ ಆದೇಶ ಹೊರಡಿಸಲಾಗುವುದಿಲ್ಲ.

ಎಂಟಿಆರ್ ಬಾಗಿಲು ಹಾಕಿದ್ದರಿಂದ ಆದದ್ದು ಯಾರೂ ಎಣಿಸಿರದ ಬೆಳವಣಿಗೆ. ಕೆಲಸದವರು ಇದ್ದಾರೆ, ಅಡುಗೆಮನೆ ಇದೆ, ಬಡಿಸುವಂತಿಲ್ಲ. ಅವರ ಕೈಗೆ ಕೆಲಸ ಕೊಡಲು ರವೆ ಇಡ್ಲಿಯ ಹಿಟ್ಟು, ಸಾರಿನ ಪುಡಿ, ಚಟ್ನಿಪುಡಿಗಳನ್ನು ಪೊಟ್ಟಣ ಕಟ್ಟಿ ಮಾರಲು ಹೊರಟರು. ತಟ್ಟೆಯಲ್ಲಿ ಬಡಿಸಿದರೆ ಸರ್ಕಾರದ ದರ, ಪೊಟ್ಟಣದಲ್ಲಿ ಕೊಟ್ಟರೆ ಹೋಟೆಲಿನದೇ ದರ. ಹೋಟೆಲು ಮುಂದೆ ಮತ್ತೆ ತೆರೆಯಿತು. ಆದರೆ ಪೊಟ್ಟಣದ ವ್ಯಾಪಾರ ಹೋಟೆಲನ್ನೂ ಮೀರಿ ಬೆಳೆದು, 2007ರಲ್ಲಿ ಅದನ್ನು ನಾರ್ವೆಯ ಓರ್ಕ್ಲಾ ಕಂಪನಿ ಕೊಂಡುಕೊಂಡಿತು. ಹೋಟೆಲು ಮಾತ್ರ ಮಯ್ಯರ ಮನೆತನದಲ್ಲೇ ಉಳಿಯಿತು. ಬಡವನ ತಿಂಡಿ ಅಗ್ಗವಾಗಲೆಂದು ದೆಹಲಿಯಲ್ಲಿ ಹೊರಟ ಗಾಳಿ ಮಾವಳ್ಳಿಯ ಸಾರಿನ ಪುಡಿಯನ್ನು ಓಸ್ಲೋದ ಲೆಕ್ಕದ ಪುಸ್ತಕಕ್ಕೆ ತಲುಪಿಸಿತು ಅಂದರೆ, ಯೋಜನಾ ಆಯೋಗದವರು ಕೂಡ ನಂಬುತ್ತಿರಲಿಲ್ಲ.

ಸರ್ಕಾರ ಮಾಲೀಕನ ಕೈ ತಿರುಚಿ ಮಾಡಲಾಗದ್ದನ್ನು ಮುಂದಿನ ದಶಕದಲ್ಲಿ ಒಂದು ಹೊಸ ಬಗೆಯ ಹೋಟೆಲು ಮಾಡಿ ತೋರಿಸಿತು. ಆ ಹೊತ್ತಿಗೆ ಊರೇ ಬೇರೆಯಾಗಿತ್ತು. 1971ರ ಜನಗಣತಿಯಲ್ಲಿ 16 ಲಕ್ಷ ಚಿಲ್ಲರೆ ಇದ್ದ ಬೆಂಗಳೂರು 1981ರಲ್ಲಿ 29 ಲಕ್ಷ ದಾಟಿತ್ತು. ಹತ್ತು ವರ್ಷಕ್ಕೆ ಶೇ 75ರ ಬೆಳವಣಿಗೆ ದೇಶದ ಬೇರೆ ಯಾವ ಮಹಾನಗರಕ್ಕೂ ಇರಲಿಲ್ಲ. ಹೊಸ ಬಡಾವಣೆಗಳು ಎದ್ದವು. ಮನೆ ಒಂದು ಮೂಲೆಗೆ, ಎಚ್‌ಎಎಲ್, ಐಟಿಐ, ಬಿಇಎಲ್ ಕಾರ್ಖಾನೆಗಳೂ ಬ್ಯಾಂಕು, ಕಚೇರಿಗಳೂ ಇನ್ನೊಂದು ಮೂಲೆಗೆ. ಕಾರ್ಖಾನೆಯವರಿಗೆ ಕ್ಯಾಂಟೀನು ಇತ್ತು. ಗುಮಾಸ್ತರಿಗೆ, ಅಂಗಡಿ ಕೆಲಸದವರಿಗೆ, ಬ್ಯಾಚುಲರ್ ಹುಡುಗರಿಗೆ, ಗಂಡನೂ ಹೆಂಡತಿಯೂ ಎಂಟಕ್ಕೇ ಬಸ್ಸು ಹಿಡಿಯುವ ಮನೆಗಳಿಗೆ ಕೂತು ತಿನ್ನುವಷ್ಟು ಹೊತ್ತೂ ಇರಲಿಲ್ಲ, ದುಡ್ಡೂ ಇರಲಿಲ್ಲ. ಆ ಕಡೆ ಮಾಣಿಗಳೂ ಕಡಿಮೆಯಾಗುತ್ತಿದ್ದರು. 1974ರ ಭೂಸುಧಾರಣೆಯಲ್ಲಿ ಗದ್ದೆ ಕಳೆದುಕೊಂಡ ಮನೆಗಳಿಂದ ಒಂದಿಷ್ಟು ಜನ ಘಟ್ಟ ಹತ್ತಿದರು ನಿಜ, ಆದರೆ ಅವರ ಮಕ್ಕಳು ಎಸ್‌ಎಸ್‌ಎಲ್‌ಸಿ ಓದಿದವರು. ಬಂದದ್ದು ಲೋಟ ತೊಳೆಯುವುದಕ್ಕಲ್ಲ.

1983ರಲ್ಲಿ ಜಯನಗರದಲ್ಲಿ ಆರ್. ಪ್ರಭಾಕರ್ ಅವರು ಕೆಫೆ ದರ್ಶಿನಿ ತೆರೆದರು. ವಿದೇಶದ ಫಾಸ್ಟ್‌ಫುಡ್ ಅಂಗಡಿಗಳ ಚೌಕಟ್ಟಿನೊಳಗೆ ಉಡುಪಿ ಹೋಟೆಲಿನ ತಿಂಡಿಯನ್ನು ಕೂರಿಸಿದ್ದು ಅವರ ಹೆಚ್ಚುಗಾರಿಕೆ. ಕೂರಿಸಿದ್ದು ತಿಂಡಿಯನ್ನು ಮಾತ್ರ, ಗಿರಾಕಿಯನ್ನಲ್ಲ. ಕುರ್ಚಿ ಹೋಯಿತು. ಎದೆಮಟ್ಟದ ಮೇಜಿನ ಸುತ್ತ ನಾಲ್ಕೈದು ಜನ ನಿಂತರು. ಸಪ್ಲೈಯರ್ ಹೋದ. ಮೊದಲು ಗಲ್ಲಾದಲ್ಲಿ ದುಡ್ಡು ಕೊಟ್ಟು ಟೋಕನ್ ತೆಗೆದುಕೊಳ್ಳಬೇಕು, ಕೌಂಟರಿನಲ್ಲಿ ಕೊಟ್ಟು ತಟ್ಟೆ ಹಿಡಿಯಬೇಕು, ತಿಂದು ತಟ್ಟೆಯನ್ನು ತೊಟ್ಟಿಗೆ ಹಾಕಬೇಕು. ಗೋಡೆ ಹೋಯಿತು. ದೋಸೆ ಹುಯ್ಯುವವನ ಕಾವಲಿ ಬೀದಿಗೇ ಕಾಣುತ್ತದೆ. ಸಾಲಗಾರ ಗಿರಾಕಿಯೂ ಹೋದ. ಟೋಕನ್ನಿಗೆ ಬಾಕಿ ಬರೆಯುವ ಪುಸ್ತಕವಿಲ್ಲ.

ನಿಂತು ತಿನ್ನುವುದು ಇವರ ಹೊಸ ಶೋಧವೇನಲ್ಲ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರಿಂದಲೂ ಜನರನ್ನು ಹೊರಗೆ ನಿಲ್ಲಿಸಿಯೇ ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್ ಕೊಡುತ್ತಿತ್ತು, ಅದೂ ಸಾಂಬಾರಿಲ್ಲದೆ, ಬರೀ ಚಟ್ನಿಯ ಬಲದ ಮೇಲೆ. ಮಲ್ಲೇಶ್ವರದ ವೀಣಾ ಸ್ಟೋರ್ಸ್ ಕೂಡ ದರ್ಶಿನಿಗಿಂತ ಹಿಂದಿನದು. ಅಲ್ಲೆಲ್ಲ ನಿಂತದ್ದು ಜಾಗ ಸಾಲದೆ. ಪ್ರಭಾಕರ್ ಅದನ್ನೇ ಯೋಜನೆಯಾಗಿ ಮಾಡಿಕೊಂಡರು. ಕೂತ ಗಿರಾಕಿ ಪೇಪರು ಬಿಡಿಸುತ್ತಾನೆ, ಇನ್ನೊಂದು ಬೈ-ಟೂ ಕಾಫಿ ಹೇಳುತ್ತಾನೆ. ನಿಂತವನು ಹತ್ತು ನಿಮಿಷಕ್ಕೆ ಜಾಗ ಖಾಲಿ ಮಾಡುತ್ತಾನೆ, ಯಾರೂ ಹೋಗು ಅನ್ನಬೇಕಾಗಿಲ್ಲ, ಕಾಲೇ ಹೇಳುತ್ತದೆ. ಸಣ್ಣ ಮಳಿಗೆಯ ಬಾಡಿಗೆ ನೂರಾರು ತಟ್ಟೆಗಳಿಗೆ ಹಂಚಿಹೋಗುತ್ತದೆ. ಅಷ್ಟರಲ್ಲಿ ಸೌದೆಯ ಒಲೆಯ ಜಾಗಕ್ಕೆ ಗ್ಯಾಸು, ಒರಳಿನ ಜಾಗಕ್ಕೆ ಗ್ರೈಂಡರ್ ಬಂದಿದ್ದವು. ಅವಿಲ್ಲದೆ ಅಷ್ಟು ಸಣ್ಣ ಜಾಗದಲ್ಲಿ ಅಷ್ಟು ಹಿಟ್ಟು ಸಾಧ್ಯವೇ ಇರಲಿಲ್ಲ. ಅಂತರ ತುಂಬುವ ಸರದಿ ಈಗ ಗಿರಾಕಿಯದು. ಅವನು ದುಡ್ಡಿನಲ್ಲಿ ಕೊಡಲಿಲ್ಲ, ಕಾಲುಗಳಲ್ಲಿ ಕೊಟ್ಟ.

ಈ ಯೋಜನೆಯನ್ನು ಪ್ರಭಾಕರ್ ಬಚ್ಚಿಟ್ಟುಕೊಳ್ಳಲಿಲ್ಲ, ಬೇರೆಯವರಿಗೂ ಹಾಕಿಕೊಟ್ಟರು. ಉಪಾಹಾರ ದರ್ಶಿನಿ, ಗಣೇಶ ದರ್ಶಿನಿ ಎಂದು ಶುರುವಾಗಿ ದೇವರು, ಹೆಣ್ಣುಮಕ್ಕಳು, ನದಿಗಳು ಯಾವ ಹೆಸರಿನ ಹಿಂದೆ ಬೇಕಾದರೂ ದರ್ಶಿನಿ ಸೇರಿತು. ಕಡೆಗೆ ಆ ಹೆಸರಿಲ್ಲದ ಹೋಟೆಲನ್ನೂ ನಿಂತು ತಿನ್ನುವುದಾದರೆ ಜನ ದರ್ಶಿನಿ ಎಂದೇ ಕರೆದರು.

ದರ್ಶಿನಿಯನ್ನು ಮನಸಾರೆ ಬೈದವರಿದ್ದಾರೆ. ಗಾಂಧಿ ಬಜಾರಿನ ಹೋಟೆಲುಗಳಲ್ಲಿ ಒಂದು ಕಾಫಿಯ ಮೇಲೆ ಒಂದು ಕಾದಂಬರಿಯ ಚರ್ಚೆ ಮುಗಿಸಿದ ಕಾಲ ನೆನೆದು, ಇದು ಊಟವಲ್ಲ, ಪೆಟ್ರೋಲ್ ಬಂಕು ಅಂದರು. ಅವರ ದುಃಖ ಸುಳ್ಳಲ್ಲ. ಮೊಣಕಾಲು ನೋವಿನ ಅಜ್ಜನಿಗೆ, ಮಗು ಎತ್ತಿಕೊಂಡ ತಾಯಿಗೆ ದರ್ಶಿನಿ ಹೇಳಿ ಮಾಡಿಸಿದ್ದಲ್ಲ. ಆದರೆ ಕುರ್ಚಿಯ ಜೊತೆಗೇ ಇನ್ನೂ ಕೆಲವು ಹೊರಟುಹೋದವು, ಅವುಗಳಿಗಾಗಿ ನಾನಂತೂ ಅಳುವುದಿಲ್ಲ. ಹಳೆಯ ಹೋಟೆಲಿನಲ್ಲಿ ಹೆಂಗಸರಿಗೆ ಪರದೆ ಎಳೆದ ಫ್ಯಾಮಿಲಿ ರೂಮು ಇರುತ್ತಿತ್ತು. ಒಬ್ಬಳೇ ಹೆಣ್ಣುಮಗಳು ಬಂದು ಮಸಾಲೆ ದೋಸೆ ಹೇಳಿದರೆ ಇಡೀ ಹೋಟೆಲು ತಿರುಗಿ ನೋಡುತ್ತಿತ್ತು. ದರ್ಶಿನಿಯಲ್ಲಿ ರೂಮೇ ಇಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನ ಹುಡುಗಿ ಚೌಚೌಬಾತ್ ಹಿಡಿದು ಆಟೋ ಡ್ರೈವರನ ಪಕ್ಕ ನಿಂತು ತಿಂದು ಬಸ್ಸು ಹಿಡಿದಳು. ಕೂರುವ ಜಾಗವೇ ಇಲ್ಲವಾದ ಮೇಲೆ ಪಂಕ್ತಿಯೂ ಇಲ್ಲ. ಪಕ್ಕದವನ ಜಾತಿ ಕೇಳುವ ಮೊದಲೇ ಅವನು ತಿಂದು ಹೋಗಿರುತ್ತಾನೆ. ಕಾಯ್ದೆ ಮಾಡಿದ್ದನ್ನು ಹೋಟೆಲು ಪೂರ್ತಿಮಾಡಿತು ಅನ್ನಲಾರೆ, ಮೊಟ್ಟೆ ಕೂಡ ಒಳಗೆ ಬರದ ಆ ಕೌಂಟರಿನ ಸಸ್ಯಾಹಾರದಲ್ಲೂ ಒಂದು ಗೆರೆ ಇದ್ದೇ ಇದೆ. ಆದರೂ ಈ ಊರಿನಲ್ಲಿ ಇಷ್ಟು ಬಗೆಯ ಜನ ಒಂದೇ ಮೇಜಿನ ಮೇಲೆ ತಟ್ಟೆಯಿಟ್ಟದ್ದು ಇಲ್ಲೇ ಮೊದಲು.

ಅಂತರವನ್ನು ನೇರವಾಗಿ ಖಜಾನೆಯೇ ತುಂಬುವ ಏರ್ಪಾಡು 2017ರಲ್ಲಿ ಬಂತು. ತಮಿಳುನಾಡಿನಲ್ಲಿ 2013ರಿಂದ ನಡೆಯುತ್ತಿದ್ದ ಅಮ್ಮ ಉಣವಗಂ ನೋಡಿ, ಸಿದ್ದರಾಮಯ್ಯನವರ ಸರ್ಕಾರ ಬಜೆಟ್ಟಿನಲ್ಲಿ ‘ನಮ್ಮ ಕ್ಯಾಂಟೀನ್’ ಪ್ರಕಟಿಸಿತು, ಆಮೇಲೆ ಹೆಸರು ಇಂದಿರಾ ಕ್ಯಾಂಟೀನ್ ಆಯಿತು. ಆಗಸ್ಟ್ 16ರಂದು ಜಯನಗರದಲ್ಲಿ ರಾಹುಲ್ ಗಾಂಧಿಯವರು ಉದ್ಘಾಟಿಸಿದರು. ಮೊದಲ ಹಂತಕ್ಕೆ 101 ಕ್ಯಾಂಟೀನುಗಳು. ತಿಂಡಿಗೆ 5 ರೂಪಾಯಿ, ಊಟಕ್ಕೆ 10. ಆಗಿನ ಬಿಬಿಎಂಪಿಯ 198 ವಾರ್ಡುಗಳಿಗೂ ಒಂದೊಂದು ಎಂಬುದು ಗುರಿಯಾಗಿತ್ತು. ಎದೆಮಟ್ಟದ ಮೇಜು, ಟೋಕನ್, ಕೌಂಟರ್, ಸಾಲು ಎಲ್ಲವೂ ದರ್ಶಿನಿಯದೇ. ಬಡವರಿಗೆ ಊಟ ಹಾಕಲು ಹೊರಟ ಸರ್ಕಾರಕ್ಕೂ ಕುರ್ಚಿ ಹಾಕಬೇಕು ಅನಿಸಲಿಲ್ಲ ನೋಡಿ. ಊರು ಅಷ್ಟು ಮಟ್ಟಿಗೆ ನಿಂತು ತಿನ್ನಲು ಕಲಿತಿತ್ತು. ಒಂದು ಕಾಲಕ್ಕೆ ಹೋಟೆಲಿನ ದರ ಇಳಿಸಲು ಮಾಲೀಕನ ಮೇಲೆ ಭಾರ ಹಾಕಿದ ಆಳ್ವಿಕೆಯ ಹೆಸರೇ ಈಗ ಭಾರ ತಾನೇ ಹೊರುವ ಕ್ಯಾಂಟೀನಿನ ಬೋರ್ಡಿನ ಮೇಲಿದೆ. ಹೊರುವುದು ಸುಲಭವಾಗಿಲ್ಲ. ಸರ್ಕಾರಗಳು ಬದಲಾದಾಗ ಹಣ ತಡವಾಯಿತು, ಗುತ್ತಿಗೆದಾರರ ಬಿಲ್ಲು ಬಾಕಿ ಉಳಿಯಿತು, ಕೆಲವು ಕ್ಯಾಂಟೀನುಗಳಿಗೆ ಬೀಗ ಬಿದ್ದು ಮತ್ತೆ ತೆಗೆಯಿತು. ಕಟ್ಟಡ ಕೆಲಸದವರು, ಪೌರಕಾರ್ಮಿಕರು, ಆಸ್ಪತ್ರೆಗೆ ಬಂದ ಹಳ್ಳಿಯವರು, ಕೋಚಿಂಗ್ ಹುಡುಗರು ಆ ಸಾಲಿನಲ್ಲಿ ನಿಂತಿರುವುದನ್ನು ಕಂಡವರು ಯೋಜನೆಯ ಬಗ್ಗೆ ಏನೇ ಅಂದರೂ ಅನಾವಶ್ಯಕ ಅನ್ನಲಾರರು.

ಖಾಸಗಿ ಹೋಟೆಲಿನ ಲೆಕ್ಕ ಮಾತ್ರ ಸುತ್ತು ಹೊಡೆದು ಮತ್ತೆ ಅಡುಗೆಮನೆಗೇ ಬಂದಿದೆ. ಮಾಣಿಯ ಜಾಗದಲ್ಲಿ ಈಗ ಒಡಿಶಾ, ಬಂಗಾಳ, ಅಸ್ಸಾಂ, ನೇಪಾಳದ ಹುಡುಗರಿದ್ದಾರೆ. ವಯಸ್ಸು ಹದಿನೆಂಟು ದಾಟಿದೆ, ಸಂಬಳ ಕೈಗೆ ಬರುತ್ತದೆ, ಉಳಿದಂತೆ ಹತ್ತು ಜನಕ್ಕೊಂದು ಕೋಣೆ, ಬೆಳಗಿನ ಜಾವದ ಒಲೆ, ವರ್ಷಕ್ಕೊಮ್ಮೆ ಊರು, ಎಲ್ಲ ಹಳೆಯದೇ. ಮಸಾಲೆ ದೋಸೆಗೆ ಕೆಂಪು ಚಟ್ನಿ ಸವರುವ ಕೈ ಕುಂದಾಪುರದ್ದಾಗಿರಬೇಕೆಂದು ಯಾರೂ ಈಗ ನಿರೀಕ್ಷಿಸುವುದಿಲ್ಲ. ಪಲ್ಯದ ಹದ ತಪ್ಪದಿದ್ದರೆ ಸಾಕು. 2020ರ ಮಾರ್ಚ್ ಕೊನೆಗೆ ಲಾಕ್‌ಡೌನ್ ಆದಾಗ ಹೋಟೆಲುಗಳಲ್ಲಿ ಪಾರ್ಸೆಲ್ ಮಾತ್ರ ಉಳಿಯಿತು. ಮೇ ತಿಂಗಳಲ್ಲಿ ವಲಸೆ ಕೆಲಸದವರನ್ನು ಊರಿಗೆ ಒಯ್ಯುವ ಶ್ರಮಿಕ್ ರೈಲುಗಳು ಹೊರಟವು, ಅವುಗಳಲ್ಲಿ ಈ ಹುಡುಗರೂ ಹೋದರು. ಜೂನ್ 8ರಿಂದ ಹೋಟೆಲಿನಲ್ಲೇ ತಿನ್ನಬಹುದೆಂದು ಆದೇಶ ಬಂತು. ಮೇಜುಗಳ ಮೇಲೆ ದೂರ ನಿಲ್ಲಲು ಗುರುತು ಹಾಕಿಸಿ, ಸ್ಯಾನಿಟೈಸರ್ ಇಟ್ಟು ಸಿದ್ಧವಾದ ಮಾಲೀಕರನ್ನು ಗಿರಾಕಿ ಬರುತ್ತಾರೋ ಇಲ್ಲವೋ ಅನ್ನುವುದಕ್ಕಿಂತ ಮೊದಲು ಕಾಡಿದ ಪ್ರಶ್ನೆ, ಹಿಟ್ಟು ರುಬ್ಬುವವರು ಯಾವಾಗ ವಾಪಸ್ಸು ಬರುತ್ತಾರೆ ಎಂಬುದು.